ಎರಡು ಕಡಲುಗಳಿಗೆ ಹರಿಯುವ ಊರ ನೀರು

ಧಾರವಾಡವು ದಿಬ್ಬದ ಮೇಲೆ ಕುಳಿತ ಊರು. ಅದರ ಬೆನ್ನಿಗೆ ಮಲ್ಲಾಡ. ಮುಂದೆ ಕಣ್ಣು ಹರಿಯುವಷ್ಟು ದೂರ ಬೆಳವಲದ ಎರಿಯ ನೆಲ. ಊರ ದಕ್ಷಿಣದಲ್ಲಿರುವ ಸೋಮೇಶ್ವರನ ಗುಡಿಯ ಬಳಿ ಶಾಲ್ಮಲೆಯು ಹುಟ್ಟಿ, ಕಲಘಟಗಿಯ ಹತ್ತಿರ ಹುಬ್ಬಳ್ಳಿಯ ಕಡೆಯಿಂದ ಬಂದ ಹಳ್ಳವನ್ನು ಕೂಡಿಕೊಂಡು ಬೇಡ್ತಿ ಎನಿಸಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುವದು. ಅದೇ ದಿಬ್ಬದ ಮೂಡಣ ಇಳಿಜಾರಿನಲ್ಲಿ ಬಿದ್ದ ಮಳೆಯಾದರೋ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ, ಮಲಪ್ರಭೆಯಿಂದ ಕೃಷ್ಣೆಗೆ, ಕೃಷ್ಣೆಯಿಂದ ಬಂಗಾಲದ ಉಪಸಾಗರಕ್ಕೆ ಹೋಗುವದು. ಒಂದೇ ಮೋಡದ ನೀರು ಒಂದು ಹಂಚಿನ ಮಾಡಿನ ಆಚೆ ಈಚೆ ಬಿದ್ದು ಎರಡು ಕಡಲುಗಳ ಪಾಲಾಗುವ ಈ ಸೋಜಿಗವನ್ನು ಇಲ್ಲಿಯ ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಶಾಲೆಯಲ್ಲಿ ಹೇಳಿಕೊಡದ ಮಾತು ಇನ್ನೊಂದುಂಟು. ನಮ್ಮ ಬಚ್ಚಲ ನೀರೂ ಇದೇ ಎರಡು ದಾರಿಗಳನ್ನು ಹಿಡಿದು ಹೋಗುವದು.

ಆ ದಾರಿಗಳಲ್ಲಿ ಒಂದನ್ನು ಕಾಲಿನಿಂದ ನಡೆದೇ ನೋಡಬೇಕೆಂದು ನಾವು ಬಹುದಿನದಿಂದ ಅಂದುಕೊಂಡಿದ್ದೆವು. ಯಾತ್ರೆಗೆ ಹೋಗುವವರು ನದಿಯ ಮೂಲವನ್ನು ಅರಸಿಕೊಂಡು ಹೋಗುವದು ರೂಢಿ. ಗಟಾರದ ತುದಿಯನ್ನು ಅರಸಿಕೊಂಡು ಹೊರಟ ನಮ್ಮನ್ನು ಕಂಡು ಮನೆಯವರು ನಕ್ಕದ್ದರಲ್ಲಿ ತಪ್ಪಿಲ್ಲ.

ಹೊರಡುವ ಮುನ್ನ ಲೆಕ್ಕವೊಂದನ್ನು ಮುಂದಿಡುವೆವು. ಹುಬ್ಬಳ್ಳಿ ಧಾರವಾಡಗಳೆರಡೂ 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತದಲ್ಲಿ ಕೂಡಿದವು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9,43,788. ನಗರವಾಸಿಗೆ ದಿನಕ್ಕೆ 135 ಲೀಟರು ನೀರು ಬೇಕೆಂಬದು ಸರಕಾರದ ಅಳತೆ. ಹೀಗೆ ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹೊರಬೀಳುವದೆಂದು ಶಿಲ್ಪಿಗಳು ಎಣಿಸುತ್ತಾರೆ. ಈ ಎರಡು ಅಳತೆಗಳನ್ನು ಜನಸಂಖ್ಯೆಗೆ ಗುಣಿಸಿದರೆ ದಿನಕ್ಕೆ ಹತ್ತು ಕೋಟಿ ಲೀಟರು ದಾಟುವದು. ನಳದ ನೀರು ದಿನಾಲು ಬಾರದ ಓಣಿಗಳು ಇರುವದರಿಂದ ನಿಜವಾಗಿ ಹರಿಯುವದು ಇದಕ್ಕಿಂತ ಕಡಿಮೆಯಿರಬಹುದು. ಆದರೂ ಅದು ಸಣ್ಣ ಹೊಳೆಯೇ ಸರಿ. ಈ ನೀರಿನ ಬಹುಪಾಲು ಸವದತ್ತಿಯ ಹತ್ತಿರದ ಮಲಪ್ರಭೆಯ ಜಲಾಶಯದಿಂದ ಬರುವದು. ಬಂಗಾಲದ ಉಪಸಾಗರಕ್ಕೆ ಹೊರಟಿದ್ದ ಮಲಪ್ರಭೆಯನ್ನು ಮೇಲೆತ್ತಿ ತಂದು, ಹುಬ್ಬಳ್ಳಿಯಲ್ಲಿ ಪಾತ್ರೆ ತೊಳೆದು, ಬೇಡ್ತಿಯ ಮೂಲಕ ಪಡುವಣ ಕಡಲಿಗೆ ಕಳಿಸುತ್ತಿರುವೆವು. ನದಿಗಳನ್ನು ತಿರುಗಿಸುವ ದೊಡ್ಡ ಯೋಜನೆಗಳ ಬಗೆಗೆ ವಾದಿಸುವವರು ಬಚ್ಚಲಮನೆಯಲ್ಲಿ ದಿನಾಲು ನಡೆದಿರುವ ಈ ತಿರುವನ್ನು ಗಮನಿಸಿದಂತಿಲ್ಲ.

ಮಾಘ ಮಾಸದ ಒಂದು ಬೆಳಿಗ್ಗೆ ಧಾರವಾಡದಿಂದ 'ಚಿಗರಿ' ಬಸ್ಸನ್ನೇರಿ ಉಣಕಲ್ಲಿನಲ್ಲಿ ಇಳಿದೆವು. ಉಣಕಲ್ಲಿಗೆ ಹೋದವರು ಚಂದ್ರಮೌಳೇಶ್ವರನ ಗುಡಿಯನ್ನು ನೋಡದೆ ಬರಬಾರದು. ಚಾಲುಕ್ಯರ ಕಾಲದ ಆ ಕಲ್ಲುಗೆಲಸದ ಮುಂದೆ ಅರ್ಧ ತಾಸು ನಿಂತು, ಆಮೇಲೆ ಕೆರೆಯ ಏರಿಗೆ ಬಂದೆವು. ನೂರು ವರ್ಷಗಳಿಗೂ ಹೆಚ್ಚು ಹಳೆಯದಾದ, ಸುಮಾರು ಇನ್ನೂರು ಎಕರೆಯ ಈ ಕೆರೆಯಲ್ಲಿ ಬೆಳಗಿನ ಹೊತ್ತು ತಿರುಗಾಡಲು ಬಂದವರ ಸಂದಣಿ. ನೀರಿನ ಅಂಚಿನಲ್ಲಿ ಜನರು ಅಂತರಗಂಗೆಯೆಂದು ಕರೆಯುವ ನೇರಿಳೆ ಹೂವಿನ ಕಳೆ ದಟ್ಟವಾಗಿ ಹಬ್ಬಿದ್ದಿತು. ಹೂವು ಚೆಲುವೆಂದು ಮಗುವೊಂದು ಕೈಚಾಚಿತು. ತಾಯಿ ಕೈ ಹಿಡಿದೆಳೆದಳು. ಕೆರೆಗೆ ಹೊಲಸು ಸೇರುತ್ತಿರುವದರ ಗುರುತೇ ಆ ಕಳೆ. ಮಲಮೂತ್ರಗಳಲ್ಲಿಯೂ ಸಾಬೂನಿನ ಪುಡಿಗಳಲ್ಲಿಯೂ ಇರುವ ಸಾರವನ್ನುಂಡು ಅದು ಹೀಗೆ ಕೊಬ್ಬುವದು. ಕಳೆಯನ್ನು ಬೈಯುವವರು ಒಂದನ್ನು ಮರೆಯುತ್ತಾರೆ: ನಾವು ಬಿಟ್ಟದ್ದನ್ನು ಅದು ತನ್ನ ಮೈಯಲ್ಲಿ ಹಿಡಿದಿಟ್ಟುಕೊಂಡಿದೆ. ಕಿತ್ತು ಹೊರಗೆ ಹಾಕಿದರೆ ಆ ಸಾರ ಕೆರೆಯಿಂದ ಹೊರಬಿದ್ದಂತೆ. ಅಲ್ಲಿಯೇ ಕೊಳೆಯಬಿಟ್ಟರೆ ಪುನಃ ನೀರಿಗೇ ಸೇರಿದಂತೆ. ಸಸ್ಯಗಳಿಂದ ನೀರನ್ನು ಸೋಸುವ ವಿದ್ಯೆಗೆ ಇದು ಮೊದಲ ಪಾಠ. ನಮಗೆ ಆ ದಿನ ಅದು ಅಲ್ಲಿಯೇ ಸಿಕ್ಕಿತು.

ಕೆರೆಯ ಕೋಡಿಯಿಂದ ಹೊರಟ ನಾಲೆ ಹುಬ್ಬಳ್ಳಿಯ ನಡುವೆ ಹಾಯ್ದು ದಕ್ಷಿಣಕ್ಕೆ ಇಳಿಯುವದು. ಫ್ರೆಂಚರ ಧನಸಹಾಯವಿರುವ ಯೋಜನೆಯೊಂದರಲ್ಲಿ ಈ ನಾಲೆಯ ದಂಡೆಯಗುಂಟ ಸೈಕಲ್ಲಿನವರಿಗೂ ಕಾಲ್ನಡಿಗೆಯವರಿಗೂ ಹಸಿರು ದಾರಿಯನ್ನು ಮಾಡಬೇಕೆಂದು ಗೊತ್ತಾಗಿ, ಕೆಲವು ಭಾಗ ಸಿದ್ಧವೂ ಆಗಿದೆ. ಆ ಭಾಗದಲ್ಲಿ ನಡೆಯುವದು ಹಿತವೇ. ಅದು ಮುಗಿದೊಡನೆ ಮೂಗಿಗೆ ಸೆರಗು ಹಿಡಿಯಬೇಕಾದ ಹಾದಿ. ಮನೆಗಳ ಹಿತ್ತಿಲು ಬಾಗಿಲುಗಳೆಲ್ಲ ನಾಲೆಯ ಕಡೆಗೆ. ಒಂದೊಂದು ಹಿತ್ತಿಲಿನಿಂದಲೂ ಒಂದೊಂದು ಕೊಳವೆ. ನೀರಿನ ಬಣ್ಣ ಮೊದಲು ಬೂದಿ, ಆಮೇಲೆ ಕರಿ. ಕರಿದಾಗುವದೇಕೆಂದರೆ, ಹೊಲಸನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿದ್ದ ಪ್ರಾಣವಾಯುವನ್ನೆಲ್ಲ ತೀರಿಸಿಬಿಟ್ಟ ಮೇಲೆ, ಪ್ರಾಣವಾಯು ಬೇಡದ ಬೇರೊಂದು ಜಾತಿಯ ಜೀವಿಗಳು ಆ ಕೆಲಸವನ್ನು ಕೈಗೆತ್ತಿಕೊಳ್ಳುವವು. ಕೊಳೆತ ಮೊಟ್ಟೆಯ ನಾತವನ್ನು ಬಿಡುವವು ಅವೇ. ಈ ಮಾರ್ಗದ ವರ್ಣನೆಯನ್ನು ಇಷ್ಟಕ್ಕೆ ಸಾಕುಮಾಡುವೆವು.

ಬಿದನಾಳದ ಹತ್ತಿರ ಊರು ಸಡಿಲಾಗಿ ಹೊಲಗಳು ಮೊದಲಾದವು. ಸುತ್ತಲ ಬೆಳವಲವೆಲ್ಲ ಹಿಂಗಾರಿ ಬೆಳೆಯ ಕೊಯ್ಲಿಗೆ ಒಣಗಿ ನಿಂತಿದ್ದಾಗ, ನಾಲೆಯ ಎರಡೂ ದಂಡೆಗಳಲ್ಲಿ ಪಚ್ಚೆಯ ಪಟ್ಟಿ ಹಾಸಿದಂತೆ ಕಾಯಿಪಲ್ಲೆಯ ಮಡಿಗಳು! ಪಾಲಕ, ಮೆಂತ್ಯ, ರಾಜಗಿರಿ, ಕೊತ್ತಂಬರಿ, ಮೂಲಂಗಿ, ಹೂಕೋಸು. ಅಲ್ಲಲ್ಲಿ ಪಂಪುಗಳು ನಾಲೆಗೆ ಬಾಯಿಯಿಟ್ಟು ಹೀರುತ್ತಿದ್ದವು. ಸಂತೆಯಲ್ಲಿ ನಾವು ಆರಿಸಿ ಆರಿಸಿ ಕೊಳ್ಳುವ ಎಳೆಯ ಸೊಪ್ಪು ಇದೇ ಇರಬಹುದಲ್ಲವೆ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು.

ಮಡಿಗೆ ನೀರು ತಿರುಗಿಸುತ್ತಿದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಸಲಿಕೆಯನ್ನು ನೆಟ್ಟು ನಿಂತು, "ಎಲ್ಲಿಂದ ಬಂದೀರಿ ಅಣ್ಣಾರ? ಸರ್ವೇದವರೇನು?" ಎಂದಳು. ಅಲ್ಲವೆಂದಾಗ ಮಾತು ಸರಾಗವಾಯಿತು. "ಅಕ್ಕಾ, ಈ ನೀರು ಹೊಲಸಲ್ಲವೆ?" ಎಂದು ಕೇಳಿದೆವು.

"ಹೊಲಸ ಖರೇನ ರೀ. ಆದ್ರ ಬ್ಯಾಸಿಗ್ಯಾಗ ನಮಗ ಇದ ದೇವ್ರು. ಬೋರ ಹೊಡಸಾಕ ರೊಕ್ಕ ಎಲ್ಲಿದಾವು? ಹೊಡಸಿದ್ರೂ ನೀರು ಬೀಳತಾವಂತ ಏನ ಖಾತ್ರಿ? ಇದ್ರಾಗ ಗೊಬ್ಬರನೂ ಬರತೈತಿ, ನೀರೂ ಬರತೈತಿ. ಹನ್ನೆರಡ ತಿಂಗಳ ಪಲ್ಲೆ ತಗೀತೀವಿ."

ಅವಳು ಕೈಯನ್ನು ತಿರುಗಿಸಿ ತೋರಿಸಿದಳು. ಮೊಳಕೈಯವರೆಗೆ ಕೆಂಪಗೆ ಹುಣ್ಣಿನ ಗುರುತುಗಳು. "ಇದೊಂದ ಕಡತ ನೋಡ್ರಿ. ಮಳಿಗಾಲದಾಗ ಹೆಚ್ಚ. ಸಣ್ಣ ಹುಡುಗಗ ಹೊಟ್ಯಾಗ ಜಂತ ಆಗಿ ಆಗಿ ಸೊರಗ್ಯಾನ. ಗುಳಿಗಿ ಕೊಡತಾರ, ಕಡಿಮಿ ಆಗತೈತಿ, ಮತ್ತ ಬರತೈತಿ. ನಾಲಾದಾಗ ಸೂಜಿ ಸೈತ ಬರತಾವರೀ, ಬರಿಗಾಲಾಗ ತುಳದ್ರ ಮುಗೀತು." ಹೀಗೆಂದವಳು ಬರಿಗಾಲಿನಲ್ಲಿಯೇ ನಿಂತಿದ್ದಳು.

ಇದು ಒಬ್ಬಳ ಮಾತಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿದ್ವಾಂಸರೂ ಇಂಗ್ಲಂಡದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರೂ ಕೂಡಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಅವಳಿ ನಗರದ ನಾಲೆಗಳ ಗುಂಟ ಒಕ್ಕಲುತನ ಮಾಡುವವರನ್ನು ಅಭ್ಯಸಿಸಿ ಬರೆದಿಟ್ಟಿರುವದೂ ಬಹುಮಟ್ಟಿಗೆ ಹೀಗೆಯೇ ಇದೆ. ಹೊಲಸು ನೀರಿನಿಂದ ಬಡವರಿಗೆ ಬೇಸಿಗೆಯ ಬೆಳೆ, ಗೊಬ್ಬರದ ಉಳಿತಾಯ, ಸಂತೆಯ ರೊಕ್ಕ. ಅದರ ಬೆನ್ನಿಗೇ ಕಳೆಯ ಕಾಟ, ಕೀಡೆಯ ಕಾಟ, ಕೀಡೆಗೆಂದು ಹೊಡೆಯುವ ವಿಷದ ಖರ್ಚು, ಜಂತು, ಚರ್ಮರೋಗ. ಕಳೆ ತೆಗೆಯುವವರು ಹೆಣ್ಣುಮಕ್ಕಳಾದ್ದರಿಂದ ನೀರಿನ ಸೋಂಕು ಅವರಿಗೇ ಹೆಚ್ಚು.

ಗಬ್ಬೂರಿನ ಬಳಿ ನಗರದವರು ಕಟ್ಟಿಸಿದ ದೊಡ್ಡ ಶುದ್ಧೀಕರಣ ಕೇಂದ್ರವಿದೆ. ಯಂತ್ರಗಳಿಂದ ಗಾಳಿಯೂದಿ ಹೊಲಸನ್ನು ಕಳೆಯುವ ಇಂಥ ಕೇಂದ್ರಗಳು ನಗರಕ್ಕೆ ಬೇಕೇ ಬೇಕು. ಅವುಗಳನ್ನು ಹಳಿಯುವ ಮನಸ್ಸು ನಮಗಿಲ್ಲ. ಆದರೆ ಅವು ಹಗಲಿರುಳು ವಿದ್ಯುತ್ತನ್ನುಣ್ಣುವವು. ಊರಿನ ಮೂಲೆಮೂಲೆಯ ನೀರು ಕೊಳವೆಯಲ್ಲಿ ಅಲ್ಲಿಗೆ ಬಂದು ಮುಟ್ಟಿದರಲ್ಲವೆ ಅವುಗಳ ಕೆಲಸ! ಕೊಳವೆ ತಲುಪದ ಓಣಿಯ ನೀರು ನಾಲೆಗೇ ಬೀಳುವದು. ನಾವು ಕಂಡ ದಿನ ನಾಲೆ ಕರಿದಾಗಿಯೇ ಹರಿಯುತ್ತಿತ್ತು.

ಮರುದಿನ ಧಾರವಾಡದಲ್ಲಿ ಮಿತ್ರರೊಬ್ಬರ ಮನೆಗೆ ಹೋದೆವು. ಅವರ ಹಿತ್ತಿಲಲ್ಲಿ ಕಂಡದ್ದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಮನೆವಾರ್ತೆಯ ಹೊಣೆ ಹೊತ್ತ ವಾಚಕರಿಗೆ ಇದು ಉಪಯೋಗವಾದೀತು. ಮೇಲೆ ನೋಡಿದರೆ ಅದೊಂದು ಹೂವಿನ ಪಾತಿ. ಕೆಂಪು ಹಳದಿ ಕಾಬಾಳೆಯ ಹೂಗಳು, ಅವುಗಳ ಹಿಂದೆ ಆಳೆತ್ತರದ ಆಪಿನ ಹುಲ್ಲು, ಮೂಲೆಯಲ್ಲಿ ಲಾಳದ ಕಡ್ಡಿಯ ಮೆಳೆ. ನೀರಿಲ್ಲ, ನಾತವಿಲ್ಲ, ಸೊಳ್ಳೆಯಿಲ್ಲ. "ಇದೇ ನಮ್ಮ ಬಚ್ಚಲ" ಎಂದರು ಮಿತ್ರರು.

ಅವರ ಮನೆಯಲ್ಲಿ ಏಳು ಮಂದಿ. ಸ್ನಾನ, ಬಟ್ಟೆ, ಅಡುಗೆಮನೆಗಳ ನೀರು ಒಬ್ಬೊಬ್ಬರಿಗೆ 80 ಲೀಟರಿನಂತೆ ದಿನಕ್ಕೆ 560 ಲೀಟರು. ಪಾಯಖಾನೆಯ ನೀರನ್ನು ಬೇರೆ ಗುಂಡಿಗೆ ಬಿಟ್ಟಿದ್ದಾರೆ. ಬಚ್ಚಲ ನೀರು ಮೊದಲು ಒಂದು ಚಿಕ್ಕ ಟಾಕಿಗೆ ಬೀಳುವದು. ಅಲ್ಲಿ ಅನ್ನದ ಅಗುಳು, ಉಸುಕು ಮೊದಲಾದ ಭಾರದ ವಸ್ತುಗಳು ತಳಕ್ಕಿಳಿಯುವವು; ಎಣ್ಣೆ, ಜಿಡ್ಡು, ಸಾಬೂನಿನ ಕೆನೆ ಮೇಲೆ ತೇಲುವವು; ನಡುವಿನ ನೀರು ಮಾತ್ರ ಕೊಳವೆಯಿಂದ ಪಾತಿಗೆ ಹೋಗುವದು. ಪಾತಿಯೆಂದರೆ 13 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳದ, ತಳಕ್ಕೆ ಸಿಮೆಂಟು ಮೆತ್ತಿದ ತೊಟ್ಟಿ. ಅದರ ಆದಿ ಅಂತ್ಯಗಳಲ್ಲಿ ಮುಷ್ಟಿಗಾತ್ರದ ಕಲ್ಲು, ನಡುವೆಲ್ಲ ಕಡಲೆಯಿಂದ ಅಡಕೆಯ ಗಾತ್ರದವರೆಗಿನ ತೊಳೆದ ಹರಳು. ತಳವು ನೂರು ಅಡಿಗೆ ಒಂದಡಿಯಷ್ಟು ಇಳಿಜಾರು. ಹೊರಗಂಡಿಯ ಬಾಯನ್ನು ಎಷ್ಟು ಎತ್ತರದಲ್ಲಿಟ್ಟಿದ್ದಾರೆಂದರೆ, ನೀರಿನ ಮಟ್ಟವು ಹರಳಿನ ಮೇಲ್ಮೈಗಿಂತ ಎರಡು ಬೆರಳು ಕೆಳಗೇ ನಿಲ್ಲುವದು. ಸೊಳ್ಳೆಗೆ ತತ್ತಿಯಿಡಲು ನೀರು ಕಣ್ಣಿಗೇ ಬೀಳದು. ಇಡೀ ರಚನೆಯಲ್ಲಿ ಜಾಣತನವಿರುವದು ಈ ಎರಡು ಬೆರಳಿನಲ್ಲಿ.

ತೊಟ್ಟಿಯಲ್ಲಿ ಹಿಡಿಯುವದು ಸುಮಾರು 3,600 ಲೀಟರು. ಅದರಲ್ಲಿ ನೂರಕ್ಕೆ ಅರವತ್ತರಷ್ಟನ್ನು ಹರಳೇ ಆಕ್ರಮಿಸಿರುವದರಿಂದ ನೀರಿಗುಳಿದ ಎಡೆ 1,400 ಲೀಟರು. ದಿನಕ್ಕೆ 560 ಲೀಟರಿನಂತೆ ಬಂದರೆ ಒಂದೊಂದು ಹನಿಯೂ ಆ ಕಲ್ಲುಗಳ ಸಂದಿಯಲ್ಲಿ ಎರಡೂವರೆ ದಿನ ತಡೆದು ಹೊರಬೀಳುವದಾಯಿತು. ಆ ಎರಡೂವರೆ ದಿನಗಳಲ್ಲಿಯೇ ಎಲ್ಲ ಕೆಲಸ.

ಕೆಲಸ ಮಾಡುವವರು ಯಾರು? ಗಿಡಗಳೆಂದು ನಾವು ತಿಳಿದಿದ್ದೆವು, ಮಿತ್ರರು ತಲೆಯಲ್ಲಾಡಿಸಿದರು. ಗಿಡದ್ದು ಮನೆಯೊಡೆಯನ ಪಾತ್ರ. ದುಡಿಯುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಪ್ರತಿಯೊಂದು ಹರಳಿಗೂ ಪ್ರತಿಯೊಂದು ಬೇರಿಗೂ ಅವು ಲೋಳೆಯಂತೆ ಅಂಟಿಕೊಂಡಿರುವವು. ನೀರು ಸವರಿಕೊಂಡು ಹೋಗುವಾಗ ಅದರಲ್ಲಿಯ ಕೊಳೆಯನ್ನು ಹಿಡಿದು ತಿಂದು ನೀರನ್ನೂ ಅಂಗಾರಾಮ್ಲ ವಾಯುವನ್ನೂ ಮಾಡಿಬಿಡುವವು. ಆಪಿನಂಥ ಜೌಗು ಗಿಡಗಳ ದಂಟು ಒಳಗೆ ಟೊಳ್ಳು; ಅದರೊಳಗಿಂದ ಗಾಳಿಯು ಬೇರಿನವರೆಗೆ ಇಳಿದು, ಬೇರಿನ ಸುತ್ತಲೂ ಪ್ರಾಣವಾಯುವಿನ ಸಣ್ಣದೊಂದು ವಲಯವಾಗುವದು. ಅಲ್ಲಿ ಒಂದು ಬಗೆಯ ಜೀವಿಗಳು ಅಮೋನಿಯವನ್ನು ನೈಟ್ರೇಟು ಮಾಡುವವು. ಒಂದೆರಡು ಬೆರಳು ಆಚೆ ಗಾಳಿಯಿಲ್ಲದ ಕತ್ತಲೆಯಲ್ಲಿ ಇನ್ನೊಂದು ಬಗೆಯವು ಆ ನೈಟ್ರೇಟನ್ನು ಒಡೆದು ಸಾರಜನಕ ವಾಯುವನ್ನಾಗಿ ಆಕಾಶಕ್ಕೆ ಬಿಡುವವು. ಗಾಳಿಯಿದ್ದಲ್ಲಿ ಒಬ್ಬರು, ಇಲ್ಲದಲ್ಲಿ ಇನ್ನೊಬ್ಬರು. ಅತ್ತೆ ಸೊಸೆಯರು ಎರಡು ಒಲೆ ಹಂಚಿಕೊಂಡಂತೆ. ಇದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ, ಔಷಧದ ಪುಡಿ ಬೇಡ. ಇಳಿಜಾರು ಮತ್ತು ಬಿಸಿಲು ಸಾಕು.

ಹೊರಗಂಡಿಯ ನೀರನ್ನು ಗಾಜಿನ ಲೋಟೆಯಲ್ಲಿ ಹಿಡಿದು ತೋರಿಸಿದರು. ತಿಳಿಯಾಗಿತ್ತು, ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಕುಡಿಯುವ ನೀರು ಅದಲ್ಲವೆಂದು ಎಚ್ಚರಿಸಿ, ಬಾಳೆಗೂ ಪೇರಲದ ಗಿಡಕ್ಕೂ ಬಿಡುತ್ತೇವೆಂದರು. ಮನೆಯೊಡತಿಯು ಮಾತ್ರ ತಮ್ಮ ದೂರನ್ನು ಹೇಳಿಯೇ ಬಿಟ್ಟರು: "ಹೂವು ನೋಡಿ ಎಲ್ಲರೂ ಹಿಗ್ಗತಾರ. ಹದಿನೈದು ದಿವಸಕ್ಕೊಮ್ಮೆ ಆ ಟಾಕಿ ಜಿಡ್ಡ ತಗಿಯೋರು ಯಾರು, ಕೇಳ್ರಿ ಇವರನ್ನ!" ದೂರು ನ್ಯಾಯವಾದದ್ದು. ಜಿಡ್ಡು ತೆಗೆಯದೆ ಬಿಟ್ಟರೆ ಅದು ಹರಳಿಗೆ ಹೋಗಿ ಸಂದಿಗಳನ್ನು ಮುಚ್ಚುವದು. ಆಗ ನೀರು ಮೇಲುಕ್ಕಿ, ಹೂವಿನ ಪಾತಿ ಹೋಗಿ ರಾಡಿಯ ಗುಂಡಿಯಾಗುವದು. ಅಗ್ಗದ ಈ ಪದ್ಧತಿಗಳು ಹಲವೆಡೆ ಕೆಟ್ಟು ಹೆಸರು ಕೆಡಿಸಿಕೊಂಡದ್ದು ವಿದ್ಯೆಯ ದೋಷದಿಂದಲ್ಲ, ಮೊದಲ ಟಾಕಿಯನ್ನು ಮರೆತದ್ದರಿಂದ. ಕೆಲವು ವರ್ಷಕ್ಕೊಮ್ಮೆ ಮುಂದಿನ ಸಾಲಿನ ಹರಳನ್ನು ತೆಗೆದು ತೊಳೆದು ಹಾಕಬೇಕು. ಗಿಡಗಳನ್ನು ಕಾಲಕಾಲಕ್ಕೆ ಕೊಯ್ಯಬೇಕು.

ಇದು ಹೊಸ ವಿದ್ಯೆಯೋ ಹಳೆಯದೋ? ಎರಡೂ ಹೌದು. ಬಚ್ಚಲ ನೀರು ಹರಿಯುವಲ್ಲಿ ಕೆಸವನ್ನೂ ಬಾಳೆಯನ್ನೂ ಹಾಕುವದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ಒಂದರ ಮೇಲೊಂದು ಕೊಡವನ್ನಿಟ್ಟು, ಇದ್ದಲಿ ಉಸುಕುಗಳಲ್ಲಿ ಕುಡಿಯುವ ನೀರನ್ನು ಸೋಸುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇದು ತಿಳಿಮಾಡುವ ಉಪಾಯವಂತೂ ಸಂಸ್ಕೃತದಲ್ಲಿ 'ಕತಕ'ವೆಂಬ ಹೆಸರಿನಿಂದ ಎಷ್ಟೋ ಪ್ರಾಚೀನವಾದುದು. ಉಸುಕಿನ ಮಹಿಮೆಯನ್ನು ಲೋಕಕ್ಕೆ ಕಾಣಿಸಿಕೊಟ್ಟುದು 1892ರ ಹ್ಯಾಂಬುರ್ಗಿನ ಕಾಲರಾ. ಜರ್ಮನಿಯ ಆ ದೊಡ್ಡ ಪಟ್ಟಣವು ಎಲ್ಬ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು; ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಎಂಬ ಊರು ಹ್ಯಾಂಬುರ್ಗಿನ ಹೊಲಸು ಬೆರೆತ ಮೇಲಿನ, ಇನ್ನೂ ಕೆಟ್ಟ ನೀರನ್ನು ತೆಗೆದುಕೊಳ್ಳುತ್ತಿದ್ದರೂ, ಉಸುಕಿನ ಹಾಸಿನಲ್ಲಿ ಮೆಲ್ಲನೆ ಸೋಸಿ ಕುಡಿದುದರಿಂದ ಬಹುಮಟ್ಟಿಗೆ ಪಾರಾಯಿತು. ಒಂದೇ ರಸ್ತೆಯ ಒಂದು ಮಗ್ಗುಲಲ್ಲಿ ಸಾವು, ಇನ್ನೊಂದು ಮಗ್ಗುಲಲ್ಲಿ ಬದುಕು. ಮುಂದೆ 1950ರ ದಶಕದಲ್ಲಿ ಅದೇ ದೇಶದ ಪ್ಲೋನ್ ಎಂಬಲ್ಲಿ ಕ್ಯಾಥೆ ಸೈಡೆಲ್ ಎಂಬ ವಿದುಷಿಯು ಜೌಗು ಹುಲ್ಲುಗಳಿಂದ ಹೊಲಸು ನೀರನ್ನು ಶುದ್ಧಿಮಾಡುವ ಪ್ರಯೋಗಗಳನ್ನು ನಡೆಸಿದಳು. ಇಂದಿನ ಹರಳಿನ ಪಾತಿಗಳೆಲ್ಲ ಆ ವಂಶದವು.

ನಮ್ಮ ದೇಶದ ಕಲಕತ್ತೆಯ ಮೂಡಣ ಜೌಗುಪ್ರದೇಶವನ್ನು ನೆನೆಯದೆ ಈ ಪ್ರಸ್ತಾಪ ಪೂರ್ಣವಾಗದು. ಸುಮಾರು 12,500 ಹೆಕ್ಟೇರಿನ ಆ ನೆಲದಲ್ಲಿ ಮೀನುಗಾರರು ನಗರದ ಹೊಲಸನ್ನು ಆಳವಿಲ್ಲದ ಕೊಳಗಳಲ್ಲಿ ನಿಲ್ಲಿಸಿ, ಬಿಸಿಲಿನಿಂದಲೂ ಪಾಚಿಯಿಂದಲೂ ಶುದ್ಧಿಗೊಳಿಸಿ ಮೀನು ಸಾಕುತ್ತಾರೆ. ಧ್ರುವಜ್ಯೋತಿ ಘೋಷ್ ಎಂಬ ಶಿಲ್ಪಿಯು ಅದರ ಮರ್ಮವನ್ನು ಆ ಬೆಸ್ತರಿಂದಲೇ ಕಲಿತು ಜಗತ್ತಿಗೆ ಹೇಳಿದರು. 2002ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ನಮ್ಮ ಕರ್ನಾಟಕದಲ್ಲಿ ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಣ ಕೇಂದ್ರದಿಂದ ಬರುವ ನೀರು ಜೊಂಡುಹುಲ್ಲಿನ ಜೌಗಿನೊಳಗೆ ಹಾಯ್ದೇ ಕೆರೆಯನ್ನು ಸೇರುವದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹಿಂದೆ ಬಿದ್ದಿಲ್ಲ. ಬಳಸಿದ ನೀರನ್ನು ಶುದ್ಧಿಮಾಡಿ ಬೆಳೆಗೆ ಕೊಡುವ ಬಗೆಗೆ ಭಾರತ ಯುರೋಪುಗಳ ವಿದ್ಯಾಸಂಸ್ಥೆಗಳು 2012ರಿಂದ ಕೂಡಿ ನಡೆಸಿದ ಸಂಶೋಧನೆಯಲ್ಲಿ ಅದಕ್ಕೂ ಪಾಲಿತ್ತು.

ಹಾಗಾದರೆ ಅವಳಿ ನಗರದ ಎಲ್ಲ ನೀರನ್ನೂ ಹೂವಿನ ಪಾತಿಗಳಲ್ಲಿ ಸೋಸಬಾರದೇಕೆ? ಮಿತ್ರರೊಡನೆ ಕುಳಿತು ಲೆಕ್ಕ ಹಾಕಿದೆವು. ಪಾಯಖಾನೆಯ ನೀರನ್ನೂ ಸೇರಿಸಿದರೆ ನಮ್ಮಂಥ ಬಿಸಿಲಿನ ನಾಡಿನಲ್ಲಿ ತಲೆಗೆ ಒಂದರಿಂದ ಎರಡು ಚದರ ಮೀಟರು ಪಾತಿ ಬೇಕು. ಒಂದೂವರೆಯೆಂದು ಹಿಡಿದರೂ 2011ರ ಜನಸಂಖ್ಯೆಗೆ ಸುಮಾರು 350 ಎಕರೆ, ಎಂದರೆ ಉಣಕಲ್ಲ ಕೆರೆಗೆ ಹತ್ತಿರ ಹತ್ತಿರ ಎರಡು ಪಟ್ಟು. ನಗರದಲ್ಲಿ ಅಷ್ಟು ನೆಲವನ್ನು ಒಂದೆಡೆ ಯಾರು ಕೊಟ್ಟಾರು? ಆದರೆ ಒಂದೆಡೆಯೇ ಇರಬೇಕೆಂಬ ಹಟವೇಕೆ? ಶಾಲೆಯ ಆವರಣ, ವಸತಿಗೃಹ, ಕೆರೆಯ ಒಳಹರಿವಿನ ಬಾಯಿ, ಕೊಳವೆ ಮುಟ್ಟದ ಹೊಸ ಬಡಾವಣೆ. ಇಂಥಲ್ಲಿ ಇದು ಸಲ್ಲುವದು. ಊರ ನಡುವಣ ಇಕ್ಕಟ್ಟಿನ ಓಣಿಗಳಿಗೆ ಯಂತ್ರದ ಕೇಂದ್ರವೇ ಗತಿ. ಹರಳಿನ ಪಾತಿಯೇ ಸರ್ವರೋಗಕ್ಕೂ ಮದ್ದೆಂದು ಹೇಳುವವರನ್ನು ನಾವು ನಂಬಲಾರೆವು. ಕಾರಖಾನೆಯ ಲೋಹ, ಬಣ್ಣ, ಆಮ್ಲಗಳು ಬೆರೆತ ನೀರನ್ನು ಇದಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳೇ ಸಾಯುವವು. ಸಾಯದಿದ್ದರೂ ಲೋಹವು ಹರಳಿನಲ್ಲಿ ಬೇರಿನಲ್ಲಿ ಕೂಡಿ ಕುಳಿತುಕೊಳ್ಳುವದು, ಮಾಯವಾಗುವದಿಲ್ಲ. ಅದನ್ನು ಕಾರಖಾನೆಯ ಬಾಗಿಲಲ್ಲಿಯೇ ತಡೆಯಬೇಕು.

ಇನ್ನು ಬಿದನಾಳದ ಆ ಹೆಣ್ಣುಮಗಳ ಪ್ರಶ್ನೆ ಉಳಿಯಿತು. ನಗರದವರು ನೀರನ್ನೆಲ್ಲ ಕೊಳವೆಯಲ್ಲಿ ಕೊಂಡೊಯ್ದರೆ ಅವಳ ಬೇಸಿಗೆಯ ಬೆಳೆ ಹೋಯಿತು. ಕೊಂಡೊಯ್ಯದಿದ್ದರೆ ಹುಡುಗನ ಹೊಟ್ಟೆಯ ಜಂತು ಹೋಗದು. ಜಂತಿನ ತತ್ತಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ನೀರಿಗಿಂತ ಭಾರವಾದುದು. ನೀರನ್ನು ಎಂಟು ಹತ್ತು ದಿನ ಅಲುಗದಂತೆ ಕೊಳದಲ್ಲಿ ನಿಲ್ಲಿಸಿದರೆ ತಳಕ್ಕಿಳಿದುಬಿಡುವದು. ಹಸಿಯಾಗಿ ತಿನ್ನುವ ಕಾಯಿಪಲ್ಲೆಯ ನೀರಿನಲ್ಲಿ ಲೀಟರಿಗೆ ಒಂದು ತತ್ತಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿಯೇ ಹೇಳಿದೆ. ಎರಿಯ ಮಣ್ಣು ಸೋಸುವ ಹಾಸಿಗೆ ಬಾರದು, ನೀರನ್ನು ಬಿಡದಷ್ಟು ಜಿಗುಟು; ಆದರೆ ಆ ಜಿಗುಟೇ ಕೊಳಕ್ಕೆ ಅನುಕೂಲ, ಒಣಗಿ ಬಿರಿಯಲು ಬಿಡದಿದ್ದರೆ ಇಂಗಿ ಹೋಗದು.

ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಮೂರನೆಯ ದಿನ ಬಿದನಾಳಕ್ಕೆ ಹೋದೆವು. ಅವಳು ಮೆಂತ್ಯದ ಸಿವುಡು ಕಟ್ಟುತ್ತಿದ್ದಳು. ಹುಡುಗನು ಬದಿಯಲ್ಲಿ ಕುಳಿತು ಬಾಳೆಯ ನಾರು ಸೀಳಿ ಕೊಡುತ್ತಿದ್ದನು. ಒಂದು ಎಕರೆ ಪಲ್ಲೆಗೆ ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಲೀಟರು ನೀರು; ಹತ್ತು ದಿನಕ್ಕೆ ಎರಡು ಲಕ್ಷ. ಐದಡಿ ಆಳ ತೋಡಿದರೆ ಒಂದೂವರೆ ಗುಂಟೆಯೊಳಗೇ ಹಿಡಿಯುವದು. ದಡದ ಇಳಿಜಾರನ್ನು ಸೇರಿಸಿ ಎರಡು ಗುಂಟೆ. ನಾಲೆಯ ನೀರು ಒಂದು ತುದಿಗೆ ಬೀಳಬೇಕು, ಇನ್ನೊಂದು ತುದಿಯಿಂದ ಮೇಲಿನ ತಿಳಿಯನ್ನಷ್ಟೇ ಎತ್ತಬೇಕು. ತುದಿಯಲ್ಲಿ ಆಪು ಬೆಳೆದರೆ ಇನ್ನೂ ಲೇಸು. ಕೊಯ್ಯುವ ಕೆಲವು ದಿನ ಮೊದಲು ನೀರು ನಿಲ್ಲಿಸಬೇಕು. ಎಲೆಗೆ ತಾಗದಂತೆ ಸಾಲಿನಲ್ಲಿ ಹರಿಸಬೇಕು. ಕಾಲಿಗೆ ಬೂಟು ಹಾಕಬೇಕು. ಇಷ್ಟು ಮಾಡಿದರೂ ರೋಗದ ಸೂಕ್ಷ್ಮಜೀವಿಗಳೆಲ್ಲ ತೀರಿಹೋಗುವವೆಂದಲ್ಲ. ಕೊಂಡವರು ತೊಳೆದು ಬೇಯಿಸಿಯೇ ತಿನ್ನಬೇಕು. ಆದರೆ ಜಂತಿನ ಕಾಟ ಇಳಿದೀತು.

ಅವಳು ಸಿವುಡು ಕಟ್ಟುವದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿದಳು. "ನಲವತ್ತ ಗುಂಟ್ಯಾಗ ಎರಡ ಗುಂಟಿ" ಎಂದು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡಳು. ಆಮೇಲೆ, "ಎರಡ ಗುಂಟಿ ಮೆಂತ್ಯ ಹೋದ್ರ ಹೋಗಲಿ ಅಣ್ಣಾರ, ಗುಳಿಗಿ ರೊಕ್ಕ ಉಳದೀತು. ಆದ್ರ ಹೊಲ ನಮ್ದಲ್ಲರೀ, ಲಾವಣಿಗೆ ಹಾಕ್ಕೊಂಡೀವಿ. ಮಾಲಕರು ಹುಬ್ಬಳ್ಯಾಗ ಇರತಾರ. ಅವರ ಹೊಲದಾಗ ಹೊಂಡ ತೋಡ್ತೀನಂದ್ರ ಒಪ್ಪತಾರೇನು?" ಎಂದಳು.

ಆ ಮಾತಿಗೆ ನಮ್ಮ ಚೀಟಿಯಲ್ಲಿ ಉತ್ತರವಿರಲಿಲ್ಲ. ಮಾಲಕರ ಮನೆ ಯಾವ ಓಣಿಯಲ್ಲಿ ಎಂದು ಕೇಳಿದೆವು. ಹೇಳಿದಳು. ನಾವು ಕೋಡಿಯಿಂದ ನಡೆದು ಬಂದ ಅದೇ ನಾಲೆಯ ದಂಡೆಯ ಓಣಿ. ಒಂದೊಂದು ಹಿತ್ತಿಲಿನಿಂದಲೂ ಒಂದೊಂದು ಕೊಳವೆ ನೀರಿಗಿಳಿದಿದ್ದ ಸಾಲು. ಬರುವ ರವಿವಾರ ಅವರ ಮನೆಗೆ ಹೋಗಿ ಕೇಳುವದೆಂದು ಗೊತ್ತುಮಾಡಿಕೊಂಡು, ಹುಡುಗನು ಕೊಟ್ಟ ಎರಡು ಸಿವುಡು ಮೆಂತ್ಯಕ್ಕೆ ರೊಕ್ಕ ಕೊಟ್ಟು ಅಲ್ಲಿಂದ ಹೊರಟೆವು.